ಮೂರನೆಯ ಏಟು

ಮಾರ್ಚ್ ೪, ಸೋಮವಾರ

ಸಾಮಾನು ಸರಂಜಾಮು ನೋಡಿಕೊಳ್ಳುವ ಮುದುಕ ಲ್ಯೂ ಇವತ್ತು ನನ್ನ ಮೇಕಪ್ ಕೋಣೆಯ ಬಾಗಿಲಲ್ಲಿ ಕೈ ಹೊಸೆಯುತ್ತಾ ನಿಂತ. "ಅಕ್ಕ, ನಿಮ್ದೊಂದು ಫೋಟೋ ಬೇಕಿತ್ತು. ನೇರವಾಗಿ ನೋಡ್ತಿರೋದು. ಓಲೆ-ಗೀಲೆ ಇಲ್ದೇ ಇರೋದು."

ನಮ್ಮ ಕಸುಬಿನಲ್ಲಿ ಇದಕ್ಕಿಂತ ಹೆಚ್ಚಿಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ದಿನವೂ ಬರುವ ಧಾರಾವಾಹಿಯಲ್ಲಿ ನಾಳೆ ಏನಾಗುತ್ತದೆಂದು ಬರೆಯುವವರಿಗೇ ಗೊತ್ತಿರುವುದಿಲ್ಲ. ಮಧ್ಯಾಹ್ನ ಆಡಬೇಕಾದ ಮಾತು ಬೆಳಿಗ್ಗೆ ಫೋನಿಗೆ ಬರುತ್ತದೆ. ಆದರೆ ಓಲೆಯಿಲ್ಲದ ಫೋಟೋ ಕೇಳಿದರೆಂದರೆ ಪಾತ್ರ ಸಾಯುತ್ತದೆಂದೇ ಲೆಕ್ಕ. ಆ ಫೋಟೋಗೆ ದೊಡ್ಡ ಕಟ್ಟು ಹಾಕಿಸಿ, ಬಿಳಿ ಹೂಗಳ ನಡುವೆ ಇಟ್ಟು, ಎಲ್ಲರೂ ಎದುರು ನಿಂತು ಅಳುತ್ತಾರೆ.

ಆರು ವರ್ಷ! ಸೋಯಾ ಸಾಸ್ ಕಾರ್ಖಾನೆಯ ಕಿಮ್‌ಹಾ ಯಜಮಾನಿಯಾಗಿ ಆರು ವರ್ಷ ನಾನು ಸೊಸೆಯನ್ನು ಬೈದಿದ್ದೇನೆ, ಗುಮಾಸ್ತರನ್ನು ನಡುಗಿಸಿದ್ದೇನೆ, ಎರಡು ಸಲ ಮೆಟ್ಟಿಲ ಮೇಲಿಂದ ಉರುಳಿದ್ದೇನೆ. ಮಾರುಕಟ್ಟೆಗೆ ಹೋದರೆ ಸೊಪ್ಪಿನವಳು "ಆ ಸೊಸೇನ ಯಾಕೆ ಹಂಗೆ ಗೋಳು ಹುಯ್ಕೋತೀರಿ" ಎಂದು ಜಗಳಕ್ಕೆ ಬಂದು, ಕೊನೆಗೆ ಒಂದು ಹಿಡಿ ಈರುಳ್ಳಿಸೊಪ್ಪು ಜಾಸ್ತಿ ಹಾಕುತ್ತಾಳೆ. ಆ ಸೊಸೆಯ ಪಾತ್ರದ ಹುಡುಗಿಗೆ ಅಳು ಬರಬೇಕಾದರೆ ಕಣ್ಣಿಗೆ ಔಷಧಿ ಬಿಡಬೇಕು. ಅವಳು ಉಳಿಯುತ್ತಾಳೆ, ನಾನು ಸಾಯಬೇಕು.

ಇಪ್ಪತ್ತು ವರ್ಷದ ಹಿಂದೆ ಪ್ರಶಸ್ತಿ ಬಂದಾಗ ತೆಗೆಸಿದ ಫೋಟೋ ಕೊಟ್ಟು ಕಳಿಸಿದೆ. ಮುತ್ತಿನ ಓಲೆ ಅಳಿಸಿಕೊಳ್ಳಲಿ.

ಮಾರ್ಚ್ ೬, ಬುಧವಾರ

ಬುಧವಾರ ನನಗೆ ಚಿತ್ರೀಕರಣವಿಲ್ಲ, ಹಾಗಾಗಿ ಬುಧವಾರ ಅವ್ವನ ವಾರ. ಸಾನ್‌ಚೋಂಗ್ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಬಿಶಿಯಾಳ ತಲೆ ತೊಳೆಯುವ ಅಂಗಡಿಯ ಮೇಲಿನ ಮಹಡಿ. ಅವ್ವನಿಗೆ ಎಂಬತ್ತೆಂಟು. ನೋಡಿಕೊಳ್ಳಲು ಜೊತೆಗಿರುವವಳು ಯಾತಿ, ಜಾವಾದವಳು. ಏಳು ವರ್ಷದಲ್ಲಿ ನಮ್ಮ ಮಾತನ್ನು ನನಗಿಂತ ಖಾರವಾಗಿ ಆಡಲು ಕಲಿತಿದ್ದಾಳೆ.

ಅಲ್ಲಿಗೆ ಹೋಗುವ ಮುಂಚೆ ವೇಷ ಹಾಕಬೇಕು. ನೇರಳೆ ರೇಷ್ಮೆಯ ನಿಲುವಂಗಿ, ಹಸಿರು ಕಲ್ಲಿನ ಬಳೆ, ತುರುಬಿನ ಟೋಪನ್. ಅವ್ವ ನನ್ನನ್ನು ಮರೆತು ಎರಡು ವರ್ಷವಾಯಿತು. ಒಂದು ದಿನ ಪ್ಯಾಂಟು, ಅಂಗಿ ಹಾಕಿಕೊಂಡು ಹೋದ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, "ಇನ್ಶೂರೆನ್ಸ್ ಬೇಡಮ್ಮ, ಮಾಡ್ಸಾಗಿದೆ" ಎಂದು ಕದ ಹಾಕಿದಳು. ಮುಂದಿನ ವಾರವೂ ಅದೇ ಆಯಿತು. ಆಮೇಲೊಂದು ದಿನ ಚಿತ್ರೀಕರಣ ಮುಗಿಸಿ ವೇಷ ಕಳಚದೆ ನೆಟ್ಟಗೆ ಹೋದೆ. ಕದ ಪೂರ್ತಿ ತೆರೆಯಿತು. "ಅಯ್ಯಯ್ಯೋ, ಕಿಮ್‌ಹಾ ಯಜಮಾನ್ತಿ! ನಮ್ಮಂಥೋರ ಮನೇಗೆ!" ಅಂದಿನಿಂದ ನಾನು ಆ ಮನೆಗೆ ಕಿಮ್‌ಹಾ ಆಗಿಯೇ ಹೋಗುತ್ತೇನೆ.

ಇವತ್ತೂ ಅದೇ ಉಪಚಾರ.

"ಬನ್ನಿ ಅಮ್ಮಾವ್ರೇ, ಕೂತ್ಕೊಳ್ಳಿ. ಯಾತಿ, ಟೀ ತಾರೇ. ಒಳ್ಳೇ ಕಪ್ಪಲ್ಲಿ ತಾ, ಆ ಕಿವಿ ಮುರ್ದಿರೋದು ಬೇಡ."

"ಇರೋದೇ ಎರಡು ಕಪ್ಪು, ಅಜ್ಜಿ. ಇನ್ನೊಂದ್ರಲ್ಲಿ ನಿಮ್ಮ ಹಲ್ಲಿದೆ."

"ಫ್ಯಾಕ್ಟ್ರಿ ಹೆಂಗೆ ನಡೀತಿದೆ ಅಮ್ಮಾವ್ರೇ? ಸೊಸೆ? ಮೊನ್ನೆ ನಿಮ್ಮ ಬೆನ್ನ ಹಿಂದೆ ಕಣ್ಣು ಹೊರಳಿಸಿದ್ಲು, ನಾನು ನೋಡ್ದೆ. ಬಿಗಿ ಮಾಡಿ ಸ್ವಲ್ಪ."

ಬಿಗಿ ಮಾಡುತ್ತೇನೆಂದೆ. ಅವ್ವ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದಳು. "ನನ್ನ ಮಗಳೂ ನಾಟಕದೋಳೇ. ಬೊಂಗ್‌ಚೀ ಅಂತ. ನಿಮ್ಮಷ್ಟು ಬರಲ್ಲ ಬಿಡಿ ಅವಳಿಗೆ. ಅತ್ರೆ ಮೂಗು ಕೆಂಪಾಗ್ತದೆ. ಈ ಕಡೆ ತಲೇನೇ ಹಾಕಲ್ಲ. ನಿಮ್ಮ ಫ್ಯಾಕ್ಟ್ರೀಲಿ ಏನಾದ್ರೂ ಇದ್ರೆ ನೋಡಿ. ಬಾಟ್ಲಿಗೆ ಚೀಟಿ ಅಂಟ್ಸೋದು, ಅಂಥದ್ದು ಮಾಡ್ತಾಳೆ."

ಯಾತಿ ಅಡುಗೆಮನೆಯಲ್ಲಿ ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕಳು. ನಲವತ್ತೊಂಬತ್ತು ವರ್ಷ ಬಣ್ಣ ಹಚ್ಚಿದವಳಿಗೆ ಚೀಟಿ ಅಂಟಿಸುವ ಕೆಲಸದ ಶಿಫಾರಸು!

ಬೊಂಗ್‌ಚೀ ಅಂದರೆ "ಇರಲಿ, ಸಾಕಿಕೊಳ್ಳೋಣ" ಅಂತ. ಗಂಡು ಬೇಕಿದ್ದಾಗ ಹುಟ್ಟಿದ ಹೆಣ್ಣಿಗೆ ಇಡುತ್ತಿದ್ದ ಹೆಸರು. ಹತ್ತೊಂಬತ್ತಕ್ಕೇ ಅದನ್ನು ಬಿಸಾಡಿ ಕೋ ಲಿಂಗ್‌ಯುನ್ ಆದೆ. ಈಗ ಆ ಹೆಸರು ಹಿಡಿದು ಕರೆಯುವವರು ಲೋಕದಲ್ಲಿ ಒಬ್ಬಳೇ. ಅವಳೂ ನನ್ನನ್ನು ಕರೆಯುವುದಿಲ್ಲ, ನನ್ನ ಹತ್ತಿರ ದೂರು ಹೇಳುವುದಕ್ಕೆ ಆ ಹೆಸರು ಎತ್ತುತ್ತಾಳೆ.

ಮಾರ್ಚ್ ೭, ಗುರುವಾರ

ನಿರ್ದೇಶಕ ಹೋಂಗ್ ಫೋಟೋ ವಾಪಸು ಕಳಿಸಿದ. "ಅಕ್ಕ, ಇದು ಸಾವಿನ ಮನೆ. ಇದ್ರಲ್ಲಿ ನೀವು ಪ್ರಶಸ್ತಿ ತಗೊಳ್ಳೋಕೆ ಸ್ಟೇಜ್ ಹತ್ತೋ ಹಾಗಿದ್ದೀರ. ಬಣ್ಣ ಇಲ್ದೇ ಇರೋದು ಕೊಡಿ. ಇಲ್ಲಾಂದ್ರೆ ಈಗ್ಲೇ ಮುಖ ತೊಳ್ಕೊಂಡು ಬನ್ನಿ, ಒಂದು ಹೊಡೀತೀವಿ."

ಅರವತ್ತಮೂರರ ತೊಳೆದ ಮುಖವನ್ನು ಮೂರಡಿ ಎತ್ತರಕ್ಕೆ ದೊಡ್ಡದು ಮಾಡಿಸಿ ಊರಿಗೆಲ್ಲ ತೋರಿಸುತ್ತಾನಂತೆ. ಸತ್ತರೂ ಆಗದು ಅಂದೆ. "ಸಾಯ್ಲೇಬೇಕು ಅಕ್ಕ, ಛಿಂಗ್‌ಮಿಂಗ್ ಆದ್ಮೇಲೆ" ಅಂದ. ಹಿರಿಯರ ಗೋರಿ ಗುಡಿಸುವ ಹಬ್ಬದ ವಾರ ಹೆಣ ತೋರಿಸಿದರೆ ಜನ ಬೈಯುತ್ತಾರಂತೆ.

ಮಾರ್ಚ್ ೧೩, ಬುಧವಾರ

ಕಿಮ್‌ಹಾಗೆ ಕೆಮ್ಮು ಶುರು ಮಾಡಿಸಿದ್ದಾರೆ. ಮೊನ್ನೆಯ ಕಂತಿನಲ್ಲಿ ಕರವಸ್ತ್ರದಲ್ಲಿ ರಕ್ತ.

ಇವತ್ತು ಹೋದರೆ ಅವ್ವ ಕಲ್ಲುಸಕ್ಕರೆ ಹಾಕಿ ಬೇಯಿಸಿದ ಮರಸೇಬಿನ ಬಟ್ಟಲು ಹಿಡಿದು ಕಾಯುತ್ತಿದ್ದಳು. "ಕುಡೀರಿ ಅಮ್ಮಾವ್ರೇ, ಕೆಮ್ಮಿಗೆ ಇದಕ್ಕಿಂತ ಔಷಧಿ ಇಲ್ಲ. ಆ ಡಾಕ್ಟ್ರ ಮುಖ ನೋಡಿದ್ರೇ ನಂಗೆ ನಂಬಿಕೆ ಬರಲ್ಲ." ಒಲೆ ಹತ್ತಿರ ಹೋಗಬೇಡ ಅಂದರೂ ಕೇಳದೆ ತಾನೇ ನಿಂತು ಮಾಡಿದಳು ಎಂದು ಯಾತಿ ಹೇಳಿದಳು. ನನ್ನ ಜೀವಮಾನದಲ್ಲಿ ನನಗೆಂದು ಅವ್ವ ಮರಸೇಬು ಬೇಯಿಸಿದ ನೆನಪಿಲ್ಲ. ಅದೆಲ್ಲ ಅಣ್ಣನಿಗೆ. ಬಟ್ಟಲು ಪೂರ್ತಿ ಖಾಲಿ ಮಾಡಿದೆ.

ಮೆಟ್ಟಿಲಿಳಿದು ಅರ್ಧಕ್ಕೆ ಬರುವಾಗ ತಲೆಗೆ ಹೊಳೆಯಿತು, ಕಾಲು ಅಲ್ಲೇ ನಿಂತಿತು. ಕಿಮ್‌ಹಾ ಸತ್ತ ಮರುದಿನ ನಾನು ಈ ಬಾಗಿಲು ಯಾರಾಗಿ ತಟ್ಟುವುದು? ಬೊಂಗ್‌ಚೀ ಆಗಿ ಹೋದರೆ ಇನ್ಶೂರೆನ್ಸ್‌ನವಳು. ಕಿಮ್‌ಹಾ ಆಗಿ ಹೋದರೆ ದೆವ್ವ. ಅವ್ವನ ಮನೆಗೆ ನನಗೆ ಉಳಿದಿರುವುದು ಈ ಒಂದೇ ಬಾಗಿಲು, ಅದನ್ನು ಹೋಂಗ್ ಮುಚ್ಚಿಸಲು ಹೊರಟಿದ್ದಾನೆ.

ಬೀದಿಯಲ್ಲಿ ನಿಂತೇ ಫೋನ್ ಮಾಡಿದೆ. "ಹೋಂಗ್, ಕಿಮ್‌ಹಾನ ಜಪಾನಿಗೆ ಕಳ್ಸಪ್ಪ."

"ವಿಮಾನ ನಿಲ್ದಾಣದಲ್ಲಿ ಯಾರೂ ಅಳಲ್ಲ ಅಕ್ಕ. ಶವಪೆಟ್ಟಿಗೇನೇ ಬೇಕು."

"ಸನ್ಯಾಸಿನಿ ಮಾಡು. ಮಠಕ್ಕೆ ಹೋಗ್ತೀನಿ."

"ಹೋದ ವರ್ಷ ನಿಮ್ಮ ನಾದಿನಿ ಹೋಗಿದ್ದಾಳೆ."

"ಮರೆವಿನ ಕಾಯಿಲೆ ಬರಿಸು ಹಂಗಾದ್ರೆ. ಯಾರೂ ನೆನಪಿಲ್ದೆ ಮೂಲೇಲಿ ಕೂತಿರ್ತೀನಿ…"

ಅಷ್ಟು ಹೇಳಿದವಳಿಗೆ ನನ್ನ ಮೇಲೇ ಅಸಹ್ಯವಾಯಿತು. ಫೋನ್ ಇಟ್ಟೆ.

ಮಾರ್ಚ್ ೨೦, ಬುಧವಾರ

ನಿನ್ನೆಯೂ ಹೋಗಿದ್ದೆ. ಇವತ್ತೂ ಹೋದೆ.

ಅವ್ವ ಮಧ್ಯಾಹ್ನ ಮಲಗಿದ್ದಾಗ ಅವಳ ಬಿಸ್ಕತ್ತಿನ ಡಬ್ಬಿ ತೆಗೆದೆ. ನನ್ನ ಹತ್ತಿರ ಬಣ್ಣವಿಲ್ಲದ ಫೋಟೋ ಒಂದೂ ಇಲ್ಲ. ಅಲ್ಲಿ ಇರಬಹುದೆಂದು ಹುಡುಕಿದೆ. ಅಣ್ಣನವು ಹದಿನಾಲ್ಕು, ನನ್ನದು ಒಂದು. ಇರಲಿ, ಹೊಸದೇನಲ್ಲ.

ಆ ಒಂದು ಫೋಟೋ ಅಣ್ಣ ಹೊಸ ಕ್ಯಾಮೆರಾ ತಂದಾಗ ತಾರಸಿಯ ಮೇಲೆ ತೆಗೆದದ್ದು. ನನಗೆ ಆಗ ಮೂವತ್ತೆರಡು. ಕೂದಲಿಗೆ ರಬ್ಬರ್ ಬ್ಯಾಂಡ್, ಮೈಮೇಲೆ ಅಣ್ಣನ ಹಳೇ ಅಂಗಿ, ಮುಖದಲ್ಲಿ ಬರೀ ಬೆವರು. ಬಟ್ಟೆ ಒಣಹಾಕುತ್ತಿದ್ದ ಅವ್ವ, ಅಣ್ಣ ಕ್ಯಾಮೆರಾ ಹಿಡಿದೊಡನೆ ಓಡಿಬಂದು ನನ್ನ ಕಾಲರ್ ಸರಿ ಮಾಡಿದ್ದಳು. ಅವಳ ಕೈ ಮಾತ್ರ ಫೋಟೋದ ಅಂಚಿನಲ್ಲಿ ಉಳಿದುಕೊಂಡಿದೆ. ಆ ಕೈ ಇರುವ ಅಂಚು ಕತ್ತರಿಸಿದರೆ ಚೆನ್ನಾಗಿಯೇ ಕಾಣುತ್ತೇನೆ. ಸುಕ್ಕಿಲ್ಲ.

ಸಂಜೆ ಒಯ್ದು ಕೊಟ್ಟರೆ ಹೋಂಗ್ ನೋಡಿ, "ಯಜಮಾನಿ ಆಗೋಕೆ ಮುಂಚಿನ ಕಿಮ್‌ಹಾ ಇವಳೇ" ಅಂದ. ಲ್ಯೂ ಮಾತ್ರ ಮುಟ್ಟಲೂ ಹಿಂಜರಿದ. "ಬೇಡ ಅಕ್ಕ, ಇದು ಮನೇದು. ಸಾವಿನ ಸೀನಿಗೆ ಅಂತ್ಲೇ ಬೇರೆ ತೆಗ್ದು, ಆಮೇಲೆ ಸುಟ್ಟುಬಿಡೋದು ರೂಢಿ. ಬದುಕಿರೋರ ನಿಜವಾದ ಫೋಟೋ ಹೂವಿನ ನಡುವೆ ಇಡಬಾರ್ದು."

ತೊಳೆದ ಮುಖ ತೋರಿಸುವುದಕ್ಕಿಂತ ಅಪಶಕುನವೇ ವಾಸಿ ಅಂದೆ.

ಮಾರ್ಚ್ ೩೧, ಭಾನುವಾರ

ಕಿಮ್‌ಹಾ ಆಸ್ಪತ್ರೆಯಲ್ಲಿದ್ದಾಳೆ, ಹಾಗಾಗಿ ನಾನು ಇವತ್ತು ಟೋಪನ್ ಇಲ್ಲದೆ, ಆಸ್ಪತ್ರೆಯ ಅಂಗಿಯ ಮೇಲೆ ಕೋಟು ಹಾಕಿಕೊಂಡು ಹೋದೆ. ಬೀದಿಯವರೆಲ್ಲ ತಿರುಗಿ ನೋಡಿದರು. ಬಿಶಿಯಾ ಅಂಗಡಿಯ ಬಾಗಿಲಿಂದ ಕೂಗಿದಳು: "ಲಿಂಗ್‌ಯುನ್ ಅಕ್ಕ, ಡಿಸ್ಚಾರ್ಜ್ ಮಾಡಿಸ್ಕೊಳ್ದೇ ಓಡ್ಬಂದ್ರಾ?"

ಅವ್ವ ಹಾಸಿಗೆ ಬಿಟ್ಟುಕೊಟ್ಟಳು. ಮಲಗಲೇಬೇಕೆಂದು ಹಟ. ಮಲಗಿದೆ. ಪಕ್ಕದಲ್ಲಿ ಕೂತು, ಕಾಯಿಲೆಯವರ ಬೇಸರ ಕಳೆಯಬೇಕಲ್ಲ ಎಂದು, ತನ್ನ ಮಗಳ ಕತೆ ಹೇಳಿದಳು.

"ಹದಿನಾಲ್ಕಕ್ಕೆ ಹಾಡುನಾಟಕದ ಕಂಪ್ನಿ ಸೇರಿದ್ಲು. ಗಂಡುವೇಷ. ದೇವಸ್ಥಾನದ ಮುಂದೆ ಸ್ಟೇಜು, ಪಕ್ಕದಲ್ಲೇ ನಾನು ಬೊಂಡಾಸ್ ಮೀನು ಸುಟ್ಟು ಮಾರ್ತಿದ್ದೆ. ಇವಳು ಹಾಡೋಕೆ ಬಂದ್ರೆ ನನ್ನ ವ್ಯಾಪಾರ ಬಿತ್ತು ಅಂತ್ಲೇ. ಗಿರಾಕಿಗಳೆಲ್ಲ ಬಾಯಿ ಬಿಟ್ಕೊಂಡು ಆ ಕಡೆ ತಿರುಗೋರು. ನಾನೂ ತಿರುಗ್ತಿದ್ದೆ. ಎಷ್ಟು ಮೀನು ಸೀಯಿಸಿದೀನೋ."

"ಆಮೇಲೆ?"

"ಆಮೇಲೆ ಟಿವಿ. ಆಗೆಲ್ಲ ನಮ್ಮ ಮಾತಿನ ನಾಟಕಕ್ಕೆ ದಿನಕ್ಕೆ ಒಂದೇ ಗಂಟೆ, ಸರ್ಕಾರದೋರ ಕಟ್ಟು. ಸರ್ಕಾರದೋರ ಮಾತು ಮ್ಯಾಂಡರಿನ್, ಅದು ಬರದೇ ಇದ್ರೆ ಅನ್ನ ಇಲ್ಲ. ಬಾಯಲ್ಲಿ ಪೆನ್ಸಿಲ್ ಕಚ್ಕೊಂಡು ಮನೆ ತುಂಬ ಓಡಾಡಿ ಕಲಿತ್ಲು. ನನ್ನ ಹತ್ರಾನೂ ಅದ್ರಲ್ಲೇ ಮಾತು. ನಂಗೊಂದಕ್ಷರ ತಿಳೀತಿರ್ಲಿಲ್ಲ. ಆರು ತಿಂಗ್ಳು ತಾಯಿ ಮಗಳಿಗೆ ಮಾತೇ ಇಲ್ಲ ಅನ್ನಿ. ಆಮೇಲೆ ಮಹಾರಾಣಿ ಪಾರ್ಟು ಸಿಕ್ತು. ಮೂರು ಸಲ ಮಹಾರಾಣಿ, ಒಂದು ಸಲ ಭಿಕ್ಷುಕಿ. ಭಿಕ್ಷುಕೀನೇ ಚೆನ್ನಾಗಿ ಮಾಡಿದ್ಲು. ಮದುವೇನೂ ಆಗಿತ್ತು, ಅದಕ್ಕಿಂತ ಒಂದೊಂದು ಸೀರಿಯಲ್ಲೇ ಜಾಸ್ತಿ ದಿನ ನಡೀತು."

ನಗು ತಡೆಯಲಾಗಲಿಲ್ಲ. ನನ್ನ ಬದುಕನ್ನು ಎಷ್ಟೋ ಪತ್ರಿಕೆಯವರು ಬರೆದಿದ್ದಾರೆ, ಇಷ್ಟು ಚೊಕ್ಕವಾಗಿ ಯಾರೂ ಬರೆದಿಲ್ಲ. ಭಿಕ್ಷುಕಿಯ ಪಾತ್ರ ಮಾಡಿದಾಗ ಅವ್ವ ನೋಡಿಯೇ ಇಲ್ಲವೆಂದುಕೊಂಡಿದ್ದೆ.

"ಚೆನ್ನಾಗಿ ಮಾಡ್ತೀಯ ಅಂತ ಅವಳಿಗೆ ಯಾವತ್ತಾದ್ರೂ ಹೇಳಿದ್ರಾ?" ಎಂದು ಕೇಳಿದೆ.

"ಹೇಳಿದ್ರೆ ಕೊಬ್ಬು ಬರ್ತದೆ" ಅಂದು ಹೊದಿಕೆಯನ್ನು ನನ್ನ ಗಲ್ಲದವರೆಗೆ ಎಳೆದಳು.

ಕಂತಿನಲ್ಲಿ ನನಗೆಷ್ಟು ಮಾತು ಕೊಟ್ಟಿದ್ದಾರೆಂದು ಎಣಿಸುತ್ತಲೇ ಇರುವುದು ನನ್ನ ಚಟ, ಇವತ್ತು ಅದು ಮರೆತೇಹೋಯಿತು.

ಏಪ್ರಿಲ್ ೫, ಶುಕ್ರವಾರ

ಛಿಂಗ್‌ಮಿಂಗ್. ಸತ್ತವರ ಬೂದಿ ಇಡುವ ಗೋಪುರಕ್ಕೆ ನಾನೊಬ್ಬಳೇ ಹೋಗಿ ಅಣ್ಣನ ಮುಂದೆ ಹಣ್ಣು, ಊದುಬತ್ತಿ ಇಟ್ಟು ಬಂದೆ. ಅವನು ಹೋಗಿ ಇಪ್ಪತ್ತೈದು ವರ್ಷ. ನಲವತ್ತೊಂದಕ್ಕೆ ಪಿತ್ತಜನಕಾಂಗ ಕೈಕೊಟ್ಟಿತು.

ಆ ದಿನ ಮರೆಯುವಂಥದ್ದಲ್ಲ. ಹೆತ್ತವರಿಗಿಂತ ಮುಂಚೆ ಹೋದ ಮಕ್ಕಳನ್ನು ಹೆತ್ತವರು ಕಳಿಸಿಕೊಡುವ ಹಾಗಿಲ್ಲ. ಅದಕ್ಕೂ ಮುಂಚೆ, ನೋಡಿಕೊಳ್ಳಬೇಕಾದ ಕಾಲದಲ್ಲಿ ಕೈಬಿಟ್ಟು ಹೊರಟೆಯಾ ಎಂದು ಕೋಲಿನಿಂದ ಶವಪೆಟ್ಟಿಗೆಗೆ ಮೂರು ಏಟು ಹೊಡೆಯಬೇಕು. ಈಗ ಬಹಳ ಜನ ಮಾಡುವುದಿಲ್ಲ. ಮಾಡುವವರೂ ಶಾಸ್ತ್ರಕ್ಕೆ ಮುಟ್ಟಿಸುತ್ತಾರೆ. ಅವ್ವ ಹಾಗೆ ಮಾಡಲಿಲ್ಲ. ಬಿದಿರುಗಳ ಎತ್ತಿ ಮೂರು ಏಟು, ಒಂದಕ್ಕಿಂತ ಒಂದು ಜೋರು. ಮೂರನೆಯ ಏಟಿಗೆ ಗಳ ಸೀಳಿತು. "ಕೃತಘ್ನ, ಕೃತಘ್ನ" ಎಂದು ಬೈಯುತ್ತಾ ಒಳಗೆ ಹೋಗಿ ಕದ ಹಾಕಿಕೊಂಡಳು. ಒಂದು ಹನಿ ಕಣ್ಣೀರು ಹಾಕಲಿಲ್ಲ.

ನಾನು ಅವತ್ತು ಮೂಲೆಯಲ್ಲಿ ನಿಂತು, ನಾಚಿಕೆಗೇಡು, ಹೊಟ್ಟೆಕಿಚ್ಚು ಪಟ್ಟಿದ್ದೆ. ನಾನು ಸತ್ತರೆ ಅವ್ವ ಇಷ್ಟು ಜೋರಾಗಿ ಹೊಡೆಯುತ್ತಾಳೆಯೇ ಅಂತ.

ಏಪ್ರಿಲ್ ೯, ಮಂಗಳವಾರ

ಸತ್ತೆ. ಬೆಳಿಗ್ಗೆ ಹತ್ತೂವರೆಗೆ ಪ್ರಾಣ ಹೋಯಿತು, ಊಟವಾದ ಮೇಲೆ ಪೆಟ್ಟಿಗೆ.

ಪೆಟ್ಟಿಗೆಯಲ್ಲಿ ಮಲಗುವ ಮುಂಚೆ ಹೋಂಗ್ ಅಪಶಕುನ ಕಳೆಯಲೆಂದು ದುಡ್ಡಿಟ್ಟ ಕೆಂಪು ಲಕೋಟೆಯನ್ನು ಎರಡೂ ಕೈಯಲ್ಲಿ ಕೊಟ್ಟ. ಫೋಟೋಗೆ ಬೇರೆ ಲಕೋಟೆ. ದೃಶ್ಯ ನಿಂತಾಗಲೆಲ್ಲ ಲ್ಯೂ ಓಡಿಬಂದು ಫೋಟೋವನ್ನು ಗೋಡೆಯ ಕಡೆ ತಿರುಗಿಸುತ್ತಿದ್ದ. ಎಲ್ಲ ಮುಗಿದ ಮೇಲೆ ಹಂದಿಕಾಲಿನ ಶಾವಿಗೆ ತಂದುಕೊಟ್ಟು, ಕೇಡು ತೊಳೆದುಹೋಗಲಿ ಎಂದು ನಾನು ಕೊನೆಯ ಎಳೆ ನುಂಗುವವರೆಗೂ ಎದುರಿಗೇ ನಿಂತಿದ್ದ. ಸೊಸೆ ಪಾತ್ರದ ಹುಡುಗಿ ಇವತ್ತು ಔಷಧಿಯಿಲ್ಲದೆ ಅತ್ತಳು. ಕಣ್ಣು ಮುಚ್ಚಿದ್ದರೂ ನನ್ನ ಕೆನ್ನೆಯ ಮೇಲೆ ಬಿಸಿಯಾಗಿ ಬಿತ್ತು. ಪಾಪ, ಒಳ್ಳೆಯ ಹುಡುಗಿ.

ಪೆಟ್ಟಿಗೆಯಲ್ಲಿ ಮಲಗಿ ಯೋಚಿಸಿದ್ದು ಒಂದೇ. ಶುಕ್ರವಾರ ಸಂಜೆ ಎಂಟಕ್ಕೆ ಇದು ಟಿವಿಯಲ್ಲಿ ಬರುತ್ತದೆ. ಅವ್ವ ಆರು ವರ್ಷದಲ್ಲಿ ಒಂದು ಕಂತೂ ತಪ್ಪಿಸಿಲ್ಲ.

ಏಪ್ರಿಲ್ ೧೧, ಗುರುವಾರ

ಯಾತಿ ಜೊತೆ ಮಾತಾಯಿತು. ನಾಳೆ ಮಧ್ಯಾಹ್ನವೇ ಟಿವಿಯ ಹಿಂದಿನ ತಂತಿ ಕಿತ್ತು ಅಕ್ಕಿಡಬ್ಬಿಯಲ್ಲಿ ಇಡುತ್ತಾಳೆ. ಕೆಟ್ಟಿದೆ ಅನ್ನುವುದು. ಏಳೂವರೆಗೆ ನಾನು ಪೂರ್ತಿ ವೇಷದಲ್ಲಿ ಹೋಗಿ ಎದುರಿಗೇ ಕೂರುವುದು. ಕಿಮ್‌ಹಾಗೆ ಹುಷಾರಾಯಿತು, ಮನೆಗೆ ಬಂದಳು. ಅಷ್ಟೇ ಕತೆ. ಅವ್ವನ ಪಾಲಿಗೆ ಕಿಮ್‌ಹಾ ಸಾಯುವುದೇ ಬೇಡ.

"ಸೋಮವಾರದಿಂದ ಟಿವಿ ನೋಡ್ಬೇಡಿ ಅಂತ ಹೇಳೋಕಾಗ್ತದಾ ಅಕ್ಕ?" ಎಂದಳು ಯಾತಿ.

ಸೋಮವಾರದ ಮಾತು ಸೋಮವಾರ.

ಏಪ್ರಿಲ್ ೧೨, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ವೇಷ ತರಲು ಹೋದರೆ ಉಡುಪಿನ ಕೋಣೆಗೆ ಬೀಗ. ಕಿಮ್‌ಹಾಳ ಬಟ್ಟೆಯನ್ನೆಲ್ಲ ಟ್ರಂಕಿಗೆ ತುಂಬಿ ಉಗ್ರಾಣಕ್ಕೆ ಸಾಗಿಸಿಬಿಟ್ಟಿದ್ದರು. ಸತ್ತವಳ ಬಟ್ಟೆ ಹೊರಗಿಡಬಾರದಂತೆ. ಇದ್ದ ಬಟ್ಟೆಯಲ್ಲೇ ಹೊರಟೆ. ಮಾರುಕಟ್ಟೆಯ ಬಾಯಲ್ಲಿ ಸೊಪ್ಪಿನವಳು ಹಿಡಿದುಕೊಂಡಳು. ಪತ್ರಿಕೆಯಲ್ಲಿ ಬಂದುಬಿಟ್ಟಿದೆ, ಎಲ್ಲರಿಗೂ ಗೊತ್ತು. "ಇವತ್ತು ಸಾಯ್ತೀರಂತಲ್ಲ ಅಕ್ಕ" ಎಂದು ನನ್ನ ಕೈ ಹಿಡಿದು ಅಳುತ್ತಾಳೆ. ಮೀನಿನವನು ಬಂದ, ತೋಫು ಮಾರುವ ಅತ್ತೆ ಸೊಸೆ ಬಂದರು. ಬಿಡಿಸಿಕೊಂಡು ಬರುವಷ್ಟರಲ್ಲಿ ಎಂಟೂಕಾಲು.

ಅತ್ತ ಮನೆಯಲ್ಲಿ, ಟಿವಿ ಕೆಟ್ಟಿದೆ ಎಂದು ಯಾತಿ ಹೇಳಿದ್ದಕ್ಕೆ 'ಸರಿ' ಅಂದಳಂತೆ ಅವ್ವ. ಯಾತಿ ಬಟ್ಟೆ ತೆಗೆಯಲು ತಾರಸಿಗೆ ಹೋದಳು. ಅಷ್ಟು ಹೊತ್ತಿಗೆ ಅವ್ವ ಊರುಗೋಲು ಹಿಡಿದು ಒಂದೊಂದೇ ಮೆಟ್ಟಿಲಿಳಿದು ಬಿಶಿಯಾಳ ಅಂಗಡಿಯಲ್ಲಿ ಕೂತಿದ್ದಳು.

ನಾನು ಗಾಜಿನ ಬಾಗಿಲ ಹತ್ತಿರ ಬಂದಾಗ ಒಳಗೆ ನಾಲ್ಕು ಜನ ಹೆಂಗಸರು ತಲೆತುಂಬ ನೊರೆ, ಸುರುಳಿ ಇಟ್ಟುಕೊಂಡು ಕಣ್ಣೊರೆಸುತ್ತಿದ್ದರು. ಗೋಡೆಯ ಹತ್ತಿರದ ಮೇಜಿನ ಮೇಲೆ ದೊಡ್ಡ ಟಿವಿ. ಅದರಲ್ಲಿ ಹೂಗಳು, ಪೆಟ್ಟಿಗೆ. ಆಮೇಲೆ ನನ್ನ ಫೋಟೋ ಪರದೆ ತುಂಬ ಬಂತು. ರಬ್ಬರ್ ಬ್ಯಾಂಡ್, ಅಣ್ಣನ ಅಂಗಿ, ತಾರಸಿಯ ಬಿಸಿಲು.

ಅವ್ವ ಎದ್ದಳು. ಯಾರ ಆಸರೆಯೂ ಇಲ್ಲದೆ ಟಿವಿಯ ಮುಂದೆ ಹೋಗಿ ನಿಂತಳು. ಎರಡು ಕಂತಿನಷ್ಟು ಹೊತ್ತು ನಿಂತಳೇನೋ ಅನ್ನಿಸಿತು ನನಗೆ.

"ಬೊಂಗ್‌ಚೀ" ಅಂದಳು.

ಎರಡೂ ಕೈಯಲ್ಲಿ ಕೋಲೆತ್ತಿ ಒಂದು ಹೊಡೆದಳು. ಪರದೆ ಬಿರುಕು ಬಿಟ್ಟಿತು. "ನಾನಿನ್ನೂ ಇಲ್ಲೇ ಇದೀನಿ, ನೀನು ಹೋದ್ಯಾ? ಕೃತಘ್ನೆ!" ಇನ್ನೊಂದು ಹೊಡೆದಳು. ಅರ್ಧ ಟಿವಿ ಕಪ್ಪಾಯಿತು. ಮೂರನೆಯದಕ್ಕೆ ಕೋಲು ತಲೆಯ ಮೇಲೆ ಹೋಯಿತು, ಅಲ್ಲೇ ನಿಂತಿತು, ಆಮೇಲೆ ಮೆಲ್ಲಗೆ ಇಳಿಯಿತು. ಮುಂದೆ ಬಾಗಿ, ಉಳಿದಿದ್ದ ಅರ್ಧ ಮುಖದ ಮೇಲೆ, ಕಾಲರ್ ಇರುವ ಕಡೆ ಕೈಯಾಡಿಸಿದಳು. ಅತ್ತಳು. ನನ್ನ ಅರವತ್ತಮೂರು ವರ್ಷದಲ್ಲಿ ಅವ್ವ ಅತ್ತಿದ್ದನ್ನು ನೋಡಿದ್ದು ಇದೇ ಮೊದಲು.

ನಾನು ಬಾಗಿಲು ತಳ್ಳಿಕೊಂಡು ಒಳಗೆ ಹೋಗಿ "ಅವ್ವ" ಅಂದೆ. ಅವಳು ನನ್ನನ್ನು ನೋಡಲೇ ಇಲ್ಲ. ಯಾತಿ ಓಡಿಬಂದು ಮೇಲೆ ಕರೆದುಕೊಂಡು ಹೋಗಿ ಮಲಗಿಸಿದಳು. ನಾನು ಬಾಗಿಲಾಚೆಯೇ ಕೂತಿದ್ದು ಬಂದೆ. ಯಾರಾಗಿ ಒಳಗೆ ಹೋಗಲಿ?

"ಯಾರಾದ್ರೂ ಮನೆ ಫೋಟೋ ಕೊಡ್ತಾರಾ ಅಕ್ಕ" ಎಂದು ಬಿಶಿಯಾ ಬೈದಳು. ಬೈಯುತ್ತಲೇ ನನ್ನ ಕಣ್ಣೊರೆಸಿದಳು.

ಏಪ್ರಿಲ್ ೧೩, ಶನಿವಾರ

ಬೆಳಿಗ್ಗೆ ಏಳಕ್ಕೇ ಹೋದೆ. ಮುಖಕ್ಕೆ ಏನೂ ಹಚ್ಚಿರಲಿಲ್ಲ, ನೆನಪೂ ಬರಲಿಲ್ಲ.

ಅವ್ವ ಮೇಜಿನ ಮುಂದೆ ಕೂತಿದ್ದಳು. ಎದುರಿಗೆ ಹಂದಿಕಾಲಿನ ಶಾವಿಗೆಯ ಬಟ್ಟಲು. ಬೆಳಗಿನ ಜಾವವೇ ಎದ್ದು ಮಾಡು ಮಾಡು ಎಂದು ಯಾತಿಯ ಪ್ರಾಣ ಹಿಂಡಿದಳಂತೆ. ತಾನು ಮಾತ್ರ ಮುಟ್ಟಿರಲಿಲ್ಲ.

"ಯಾರು?" ಅಂದಳು.

ಬಸ್ಸಿನಲ್ಲಿ ಬರುತ್ತಾ ಏನೇನೋ ಜೋಡಿಸಿಕೊಂಡಿದ್ದೆ. ಕಡೆಗೆ, "ನಾನು" ಅಂದೆ.

"ಕೂತ್ಕೋ."

ಕೂತೆ.

"ನನ್ನ ಮಗಳು ಹೋಗ್ಬಿಟ್ಲು" ಅಂದಳು. "ಕಡೇವರ್ಗೂ ಇವಳೊಬ್ಬಳಾದ್ರೂ ಇರ್ತಾಳೆ ಅಂದ್ಕೊಂಡಿದ್ದೆ. ಎರಡು ಏಟು ಹೊಡ್ದೆ. ಮೂರು ಹೊಡೀಬೇಕು, ಗೊತ್ತಲ್ಲ. ಮೂರನೇದಕ್ಕೆ ಕೈ ಬರ್ಲಿಲ್ಲ."

"ಯಾಕವ್ವ?"

"ಮೊದಲಿನ ಎರಡು ಜೋರಾಗಿ ಬಿತ್ತು. ನೋವಾಯ್ತೇನೋ ಅವಳಿಗೆ."

ಇಷ್ಟು ವರ್ಷ ಎಷ್ಟು ಉದ್ದುದ್ದದ ಮಾತು ಒಪ್ಪಿಸಿದವಳಿಗೆ ಎರಡು ಪದ ಹೇಳುವುದು ಕಷ್ಟವಾಯಿತು. "ನೋವಾಗಿಲ್ಲ ಅವ್ವ."

"ನಿಂಗೇನ್ ಗೊತ್ತು?"

"ನಂಗೆ ಗೊತ್ತು."

ಅವ್ವ ನನ್ನ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಮಾರುಕಟ್ಟೆಯಲ್ಲಿ ಮೀನು ತಾಜಾ ಇದೆಯೇ ಎಂದು ನೋಡುವ ಹಾಗೆ ಆ ಕಡೆ ಈ ಕಡೆ ಹೊರಳಿಸಿ ನೋಡಿದಳು. ನನ್ನ ಅಂಗಿಯ ಕಾಲರ್ ಮಡಚಿಕೊಂಡಿತ್ತು, ಎಳೆದು ಸರಿಮಾಡಿದಳು. ಆಮೇಲೆ ಕುರ್ಚಿಯ ಪಕ್ಕ ತಡಕಾಡಿ ಊರುಗೋಲು ತೆಗೆದುಕೊಂಡು ನನ್ನ ಮೊಣಕಾಲಿನ ಮೇಲೆ ಒಂದು ಬಿಟ್ಟಳು.

"ಇದು ಮೂರನೇದು. ಇನ್ನೊಂದ್ಸಲ ನನ್ಗಿಂತ ಮುಂಚೆ ಹೋಗು, ಆಗ ಮಾಡ್ತೀನಿ ನಿಂಗೆ."

ಬಟ್ಟಲು ನನ್ನ ಕಡೆ ತಳ್ಳಿದಳು. "ತಿನ್ನು, ಆರೋಗ್ತದೆ."

ತಿಂದೆ. ಅಳುತ್ತಾ ತಿಂದದ್ದಕ್ಕೆ ಮೂಗು ಕೆಂಪಾಗಿತ್ತಂತೆ. ಅದನ್ನೂ ಹೇಳಿದಳು.

ಮಧ್ಯಾಹ್ನ ನಿದ್ದೆಯಿಂದ ಎದ್ದವಳು ನನ್ನನ್ನು ನೋಡಿ ಗಾಬರಿಯಾಗಿ, "ಯಾರು ನೀವು?" ಅಂದಳು.

"ಇನ್ಶೂರೆನ್ಸ್‌ನವಳು" ಅಂದೆ.

"ಬೇಡಮ್ಮ, ಮಾಡ್ಸಾಗಿದೆ. ಬಂದಿದ್ದೀರಲ್ಲ, ಟೀ ಕುಡ್ಕೊಂಡು ಹೋಗಿ. ಯಾತಿ, ಕಿವಿ ಮುರ್ದಿರೋ ಕಪ್ಪಲ್ಲೇ ತಾ."

ನಾಳೆಯೂ ಬರುತ್ತೇನೆ ಅಂದೆ. ನಿಮ್ಮಿಷ್ಟ ಅಂದಳು.

ಬರುವಾಗ ಬಿಶಿಯಾಳಿಗೆ ಹೊಸ ಟಿವಿ ತಂದುಕೊಡುತ್ತೇನೆಂದರೆ ಬೇಡವೇ ಬೇಡವಂತೆ. ಬೆಳಿಗ್ಗೆಯಿಂದ ಬಿರುಕು ನೋಡುವುದಕ್ಕೆಂದೇ ಹೆಂಗಸರು ತಲೆ ತೊಳೆಸಿಕೊಳ್ಳಲು ಬರುತ್ತಿದ್ದಾರಂತೆ. ಹೋಂಗ್ ಮೂರು ಸಲ ಫೋನ್ ಮಾಡಿದ್ದ. ನಿನ್ನೆಯ ಕಂತನ್ನು ದೇಶವೆಲ್ಲ ನೋಡಿದೆಯಂತೆ, ಕಿಮ್‌ಹಾಗೆ ಜಪಾನಿನಲ್ಲೊಬ್ಬಳು ಅವಳಿ ತಂಗಿ ಇದ್ದಾಳಂತೆ, ಸೋಮವಾರವೇ ಬರಬೇಕಂತೆ. ಸೋಮವಾರ ಅವ್ವನಿಗೆ ಸ್ನಾನ ಮಾಡಿಸುವುದಿದೆ ಎಂದು ಹೇಳಿ ಕಳಿಸಿದ್ದೇನೆ. ತಂಗಿ ಇನ್ನಷ್ಟು ದಿನ ಜಪಾನಿನಲ್ಲೇ ಇರಲಿ.

ಮನೆಗೆ ಬಂದು ಮೊಣಕಾಲು ಒತ್ತಿ ಒತ್ತಿ ನೋಡಿದೆ. ಒಂದಿಷ್ಟೂ ನೋಯುತ್ತಿಲ್ಲ. ಇನ್ನೊಂದು ಸ್ವಲ್ಪ ಜೋರಾಗಿ ಹೊಡೆಯಬಾರದಿತ್ತೇ, ಅವ್ವ.